ಸಾಣೆ ಚಕ್ರಕ್ಕೆ ಕರೆಂಟ್ ಹೋಗುತ್ತೆ, ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ

ಮೂರನೇ ಸೆಮ್ ಪರೀಕ್ಷೆ ಮುಗಿದ ಮೇಲೆ ಸಿಕ್ಕ ರಜೆಯಲ್ಲಿ ನಾವು ನಾಲ್ಕು ಜನ ನಮ್ಮ ರೂಮ್‌ಮೇಟ್ ಒಬ್ಬನ ಊರಿಗೆ ಹೋಗಿದ್ವಿ. ಊರು ಅಲೀಪುರ. ಚಿಕ್ಕಬಳ್ಳಾಪುರ ಜಿಲ್ಲೆ, ಗೌರಿಬಿದನೂರು ತಾಲ್ಲೂಕು. ಶಿಯಾ ಮುಸ್ಲಿಮರು ಹೆಚ್ಚಾಗಿರುವ ಊರು ಅದು, ಹಾಗಾಗಿ ಮೊಹರಂ ಸಮಯದಲ್ಲಿ ಅದರ ಹೆಸರು ಕೇಳಿಬರುತ್ತೆ. ಆದರೆ ಆ ಊರಿಗೆ ಇನ್ನೊಂದು ಗುರುತೂ ಇದೆ. ಅದು ಹರಳು. ಉಂಗುರದಲ್ಲಿ, ಓಲೆಯಲ್ಲಿ ಕೂರಿಸುವ ಹರಳುಗಳನ್ನ ಕತ್ತರಿಸಿ, ಸಾಣೆ ಹಿಡಿದು, ಪಾಲಿಶ್ ಮಾಡೋ ಕೆಲಸ ಅಲ್ಲಿ ಎಷ್ಟೋ ಮನೆಗಳ ಅನ್ನ.

ನಮ್ಮ ಗೆಳೆಯನ ತಂದೆಯದ್ದೂ ಅದೇ ಕೆಲಸ. ನಾವು ಅವರನ್ನ ಚಾಚಾ ಅಂತ ಕರೆದ್ವಿ. ಮನೆಯ ಪಕ್ಕದ ಶೆಡ್‌ನಲ್ಲಿ ಮೋಟಾರ್‌ಗೆ ಜೋಡಿಸಿದ ಚಕ್ರ ತಿರುಗ್ತಾ ಇತ್ತು. ಕಡ್ಡಿಯ ತುದಿಗೆ ಅರಗಿನಿಂದ ಅಂಟಿಸಿದ ಪುಟ್ಟ ಹರಳನ್ನ ಚಕ್ರಕ್ಕೆ ಮುಟ್ಟಿಸೋದು, ಎತ್ತಿ ಬೆಳಕಿಗೆ ಹಿಡಿದು ನೋಡೋದು, ಕೋನ ಸ್ವಲ್ಪ ತಿರುಗಿಸಿ ಮತ್ತೆ ಮುಟ್ಟಿಸೋದು. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಹರಳು. ಅದರ ಒಂದೊಂದು ಮುಖವೂ ಸರಿಯಾಗಿ ಬರಬೇಕು. ಚಾಚಾ ಬೆನ್ನು ಬಗ್ಗಿಸಿ, ಕುತ್ತಿಗೆ ಮುಂದಕ್ಕೆ ಚಾಚಿ, ಕಣ್ಣನ್ನ ಚಕ್ರದ ಹತ್ತಿರಕ್ಕೆ ತಂದು ಕೂತಿದ್ದರು.

ನಾವು ಆ ಭಂಗಿ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಹಾಸ್ಟೆಲ್‌ನಲ್ಲಿ ರಾತ್ರಿ ಒಂದು ಗಂಟೆಗೆ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವ ನಮ್ಮ ಭಂಗಿಯೂ ಇದೇ. ಚಕ್ರದ ಜಾಗದಲ್ಲಿ ಸ್ಕ್ರೀನ್ ಇಟ್ಟರೆ ಮುಗೀತು.

ಚಾಚಾ ಅದನ್ನ ನಮಗಿಂತ ಮುಂಚೆ ಗಮನಿಸಿದ್ದರು. ಚಹಾ ಕುಡಿಯುವಾಗ ಮಗನ ಕಡೆ ನೋಡಿ ಹೇಳಿದರು: "ನನ್ನ ಕುತ್ತಿಗೆ, ನನ್ನ ಕಣ್ಣು ಹೀಗಾಯ್ತು, ಇವನಿಗೆ ಈ ಕೆಲಸ ಬೇಡ ಅಂತಾನೇ ಇಂಜಿನಿಯರಿಂಗ್‌ಗೆ ಹಾಕಿದ್ದು. ಈಗ ನೋಡ್ರಪ್ಪಾ, ಹತ್ತೊಂಬತ್ತು ವರ್ಷಕ್ಕೇ ಕುತ್ತಿಗೆ ಹಿಡ್ಕೊಂಡು ಮನೆಗೆ ಬಂದಿದ್ದಾನೆ."

ಅವರು ನಗ್ತಾನೇ ಹೇಳಿದರು. ನಮಗೆ ಮಾತ್ರ ನಗು ಬರಲಿಲ್ಲ. ಯಾಕಂದ್ರೆ ಆ ಸೆಮ್‌ನಲ್ಲಿ ಏನಾಗಿತ್ತು ಅಂತ ನಮಗೆ ಗೊತ್ತಿತ್ತು.

ಮೂರನೇ ಸೆಮ್‌ನಲ್ಲಿ ನಮ್ಮ ಗೆಳೆಯ ದಿನಕ್ಕೆ ಹತ್ತು ಹನ್ನೆರಡು ಗಂಟೆ ಸ್ಕ್ರೀನ್ ಮುಂದೆ ಇರ್ತಿದ್ದ. ಬೆಳಗ್ಗೆ ಲ್ಯಾಬ್, ಸಂಜೆ ಅಸೈನ್‌ಮೆಂಟ್, ರಾತ್ರಿ ಕೋಡಿಂಗ್ ಪ್ರಾಕ್ಟೀಸ್, ಆಮೇಲೆ ಮಲಗಿಕೊಂಡು ಫೋನ್. ಮೊದಲು ಕುತ್ತಿಗೆ ಬಿಗಿಯಾಯ್ತು. ಆಮೇಲೆ ಭುಜ. ಆಮೇಲೆ ಬಲಗೈ ಬೆರಳುಗಳಲ್ಲಿ ಜುಮುಜುಮು. ಮನೆಗೆ ಹೇಳಲಿಲ್ಲ, ಫೀಸ್ ಕಟ್ಟಿದ ಅಪ್ಪನಿಗೆ ಇದೊಂದು ಚಿಂತೆ ಯಾಕೆ ಅಂತ. ನಮಗೂ ಹೇಳಲಿಲ್ಲ. ಸೆಮ್ ಎಂಡ್ ಪರೀಕ್ಷೆ ಬಂದಾಗ ವಿಷಯ ಬಯಲಾಯ್ತು. ವರ್ಷವೆಲ್ಲಾ ಟೈಪ್ ಮಾಡಿದ ಕೈಯಲ್ಲಿ ಮೂರು ಗಂಟೆ ಪೆನ್ ಹಿಡಿದು ಬರೀಬೇಕು. ಒಂದೂವರೆ ಗಂಟೆಗೆ ಅವನ ಕೈ ಪೆನ್ ಹಿಡಿಯೋದನ್ನ ನಿಲ್ಲಿಸಿತು. ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನೇ ಬಿಟ್ಟು ಎದ್ದು ಬಂದ. ಆ ಸಬ್ಜೆಕ್ಟ್ ಈಗ ಬ್ಯಾಕ್‌ಲಾಗ್.

ಫಿಜಿಯೋಥೆರಪಿಸ್ಟ್ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ "ಎಲ್ಲಿ ನೋವು?" ಅಂತ ಅಲ್ಲವಂತೆ. "ಹೇಗೆ ಕೂರ್ತೀಯಾ, ತೋರಿಸು" ಅಂದರಂತೆ. ಅಲ್ಲಿಂದ ನಾವು ಈ ವಿಷಯ ಓದೋಕೆ ಶುರು ಮಾಡಿದ್ವಿ. ಓದಿದ್ದು, ಮಾಡಿ ನೋಡಿದ್ದು ಎರಡನ್ನೂ ಇಲ್ಲಿ ಬರೀತಾ ಇದ್ದೀವಿ.

ಕುತ್ತಿಗೆ: ಮೊದಲ ವರ್ಷದ ಸ್ಟ್ಯಾಟಿಕ್ಸ್ ಲೆಕ್ಕ

ಕುತ್ತಿಗೆ ಯಾಕೆ ನೋಯುತ್ತೆ ಅನ್ನೋದಕ್ಕೆ ಡಾಕ್ಟರ್ ಆಗಬೇಕಿಲ್ಲ, ಮೊಮೆಂಟ್ ಲೆಕ್ಕ ಗೊತ್ತಿದ್ದರೆ ಸಾಕು.

ದೊಡ್ಡವರ ತಲೆಯ ತೂಕ ಸುಮಾರು 4.5ರಿಂದ 5.5 ಕೆ.ಜಿ. ನಾವು 5 ಕೆ.ಜಿ. ಅಂತ ಇಟ್ಕೊಳ್ಳೋಣ. ನೇರವಾಗಿ ಕೂತಾಗ ಈ ತೂಕ ಹೆಚ್ಚುಕಮ್ಮಿ ಬೆನ್ನುಮೂಳೆಯ ಮೇಲೇ ಕೂರುತ್ತೆ. ಹಿಂದಿನ ಸ್ನಾಯುಗಳಿಗೆ ಹೆಚ್ಚು ಕೆಲಸ ಇಲ್ಲ. ತಲೆ ಮುಂದಕ್ಕೆ ಬಾಗಿದ ತಕ್ಷಣ ತೂಕದ ಗೆರೆ ಮುಂದಕ್ಕೆ ಹೋಗುತ್ತೆ, ಮೊಮೆಂಟ್ ಹುಟ್ಟುತ್ತೆ. ಆ ಮೊಮೆಂಟನ್ನ ಸರಿದೂಗಿಸೋಕೆ ಕುತ್ತಿಗೆಯ ಹಿಂದಿನ ಸ್ನಾಯುಗಳು ಎಳೆದು ಹಿಡೀಬೇಕು.

ಲೆಕ್ಕಕ್ಕೆ ಅನುಕೂಲ ಆಗಲಿ ಅಂತ ಕುತ್ತಿಗೆಯ ಬುಡದಿಂದ ತಲೆಯ ಗುರುತ್ವ ಕೇಂದ್ರಕ್ಕೆ 18 ಸೆಂ.ಮೀ., ಸ್ನಾಯು ಎಳೆಯುವ ಜಾಗಕ್ಕೆ 4 ಸೆಂ.ಮೀ. ಅಂತ ಊಹಿಸಿಕೊಂಡ್ವಿ. 30 ಡಿಗ್ರಿ ಬಾಗಿದರೆ ತಲೆಯ ತೂಕದ ದೂರ 18 × 0.5 = 9 ಸೆಂ.ಮೀ. ಸ್ನಾಯು ಎಳೆಯಬೇಕಾದ ಬಲ 5 × 9 ÷ 4, ಅಂದರೆ ಸುಮಾರು 11 ಕೆ.ಜಿ. ತೂಕದಷ್ಟು. 60 ಡಿಗ್ರಿ ಬಾಗಿದರೆ ದೂರ 15.6 ಸೆಂ.ಮೀ., ಬಲ ಸುಮಾರು 19.5 ಕೆ.ಜಿ. ಇದಕ್ಕೆ ತಲೆಯ ತೂಕದ ಪಾಲೂ ಸೇರಿದರೆ ಬೆನ್ನುಮೂಳೆ ಮೇಲೆ ಬೀಳೋ ಒತ್ತಡ 22 ಕೆ.ಜಿ. ಹತ್ತಿರ. ಮೂಳೆ ಶಸ್ತ್ರಚಿಕಿತ್ಸಕ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಇಂಥದ್ದೇ ಒಂದು ಮಾಡೆಲ್ ಮಾಡಿ ಲೆಕ್ಕ ಹಾಕಿದ್ದರು. ಅವರಿಗೆ 30 ಡಿಗ್ರಿಗೆ ಸುಮಾರು 18 ಕೆ.ಜಿ., 60 ಡಿಗ್ರಿಗೆ ಸುಮಾರು 27 ಕೆ.ಜಿ. ಬಂದಿತ್ತು. ನಮ್ಮ ಒರಟು ಲೆಕ್ಕ ಅದರ ಆಸುಪಾಸಿನಲ್ಲೇ ಇದೆ.

27 ಕೆ.ಜಿ. ಅಂದರೆ ಒಂದು ಅಕ್ಕಿ ಮೂಟೆ. ಫೋನ್ ತೊಡೆ ಮೇಲಿಟ್ಟುಕೊಂಡು ರೀಲ್ಸ್ ನೋಡುವಾಗ ನಾವು ಹೊತ್ತಿರೋದು ಅದನ್ನೇ. ಹತ್ತು ನಿಮಿಷ ಹೊತ್ತರೆ ದೇಹಕ್ಕೆ ಏನೂ ಆಗಲ್ಲ, ಅದಕ್ಕೆ ಅಷ್ಟು ಶಕ್ತಿ ಇದೆ. ಕೆಳಗಿಡದೇ ಗಂಟೆಗಟ್ಟಲೆ ಹೊರೋದೇ ತೊಂದರೆ. ಬಿಗಿಹಿಡಿದ ಸ್ನಾಯುವಿನೊಳಗೆ ರಕ್ತದ ಓಡಾಟ ಕಮ್ಮಿ ಆಗುತ್ತೆ, ದಣಿವು ಹಾಗೇ ಉಳಿಯುತ್ತೆ, ಮಾರನೇ ದಿನ ಅದರ ಮೇಲೇ ಇನ್ನೊಂದು ದಿನದ ದಣಿವು.

ಲ್ಯಾಪ್‌ಟಾಪ್ ಡಿಸೈನ್‌ನಲ್ಲೇ ಒಂದು ಸಮಸ್ಯೆ ಇದೆ. ಸ್ಕ್ರೀನ್ ಮತ್ತು ಕೀಬೋರ್ಡ್ ಒಂದಕ್ಕೊಂದು ಅಂಟಿಕೊಂಡಿವೆ. ಸ್ಕ್ರೀನನ್ನ ಕಣ್ಣಿನ ಮಟ್ಟಕ್ಕೆ ಏರಿಸಿದರೆ ಕೈ ಮೇಲೆ ಹೋಗುತ್ತೆ, ಕೀಬೋರ್ಡನ್ನ ಮೊಣಕೈ ಮಟ್ಟಕ್ಕೆ ಇಳಿಸಿದರೆ ಕುತ್ತಿಗೆ ಬಾಗುತ್ತೆ. ಹಾಗಾಗಿ ಹೊರಗಿನ ಕೀಬೋರ್ಡ್, ಮೌಸ್ ಇಲ್ಲದೇ ಲ್ಯಾಪ್‌ಟಾಪ್ ಮುಂದೆ ಸರಿಯಾಗಿ ಕೂರೋದು ಕಷ್ಟ.

ಇದು ಹೊಸ ಕಾಯಿಲೆ ಅಲ್ಲ

1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಝಿನಿ ಕೆಲಸಗಾರರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕ ಬರೆದ. ಗಣಿ ಕೆಲಸದವರು, ಕುಂಬಾರರು, ಅಗಸರು, ಹೀಗೆ ಒಬ್ಬೊಬ್ಬರ ಕಸುಬಿನಿಂದ ಬರೋ ನೋವುಗಳನ್ನ ಅದರಲ್ಲಿ ವಿವರಿಸಿದ್ದಾನೆ. ಅದರಲ್ಲಿ ದಿನವೆಲ್ಲಾ ಕೂತು ಬರೆಯುವ ಗುಮಾಸ್ತರ ಬಗ್ಗೆಯೂ ಒಂದು ಭಾಗ ಇದೆ. ಅವರ ಕಷ್ಟಕ್ಕೆ ಅವನು ಕೊಟ್ಟ ಕಾರಣಗಳು ಮೂರು: ಒಂದೇ ಸಮನೆ ಕೂತಿರೋದು, ಕೈಯನ್ನ ಒಂದೇ ರೀತಿ ಮತ್ತೆ ಮತ್ತೆ ಆಡಿಸೋದು, ಮತ್ತು ತಪ್ಪಾಗಬಾರದು ಅಂತ ಮನಸ್ಸನ್ನ ಬಿಗಿಹಿಡಿದಿರೋದು. ಕಂಪ್ಯೂಟರ್ ಬರೋಕೆ ಇನ್ನೂರೈವತ್ತು ವರ್ಷ ಮುಂಚೆ ಬರೆದ ಈ ಪಟ್ಟಿ ಇವತ್ತಿನ ನಮ್ಮ ಡಿಬಗ್ಗಿಂಗ್ ರಾತ್ರಿಗೆ ಸರಿಹೊಂದುತ್ತೆ.

ನಮ್ಮ ಜಿಲ್ಲೆಯಲ್ಲೇ ನೋಡಿ. ನಮ್ಮಲ್ಲೊಬ್ಬಳು ಶಿಡ್ಲಘಟ್ಟದವಳು. ಅಲ್ಲಿ ರೇಷ್ಮೆ ನೂಲು ಬಿಚ್ಚುವವರು ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಕಣ್ಣಿಗೆ ಕಂಡೂ ಕಾಣದ ಎಳೆಯ ತುದಿ ಹುಡುಕಿ ಹಿಡೀತಾರೆ. ಕಣ್ಣು ಒಂದೇ ಕಡೆ, ಬೆರಳು ಒಂದೇ ಕೆಲಸದಲ್ಲಿ. ಅವಳ ಅಜ್ಜಿ ಆ ಕೆಲಸ ಬಿಟ್ಟು ಎಷ್ಟೋ ವರ್ಷ ಆದರೂ ಬೆರಳು ಪೂರ್ತಿ ಬಿಚ್ಚೋಕೆ ಈಗಲೂ ಕಷ್ಟಪಡ್ತಾರೆ.

ಒಂದು ವಿಷಯ ನೇರವಾಗಿ ಹೇಳಬೇಕು. ಹರಳಿನ ಧೂಳು, ಬಿಸಿನೀರಿನ ಹಬೆ, ದಿನಗೂಲಿ ಇದ್ಯಾವುದೂ ನಮಗಿಲ್ಲ. ಅವರ ಕಷ್ಟಕ್ಕೆ ನಮ್ಮದನ್ನ ಸಮ ಅನ್ನೋಕೆ ನಾವು ಬಂದಿಲ್ಲ. ಆದರೆ ಕುತ್ತಿಗೆಗೆ, ಕಣ್ಣಿಗೆ, ಬೆರಳಿಗೆ ಯಾವ ಕೆಲಸ ದೊಡ್ಡದು, ಯಾವುದು ಚಿಕ್ಕದು ಅಂತ ಗೊತ್ತಾಗಲ್ಲ. ಎಷ್ಟು ಹೊತ್ತು, ಯಾವ ಕೋನದಲ್ಲಿ ಅನ್ನೋದಷ್ಟೇ ಅದಕ್ಕೆ ಲೆಕ್ಕ.

ಕಣ್ಣು: ಎರಡೂವರೆ ಡಯಾಪ್ಟರ್ ಕೆಲಸ

ಹತ್ತಿರದ್ದನ್ನ ನೋಡುವಾಗ ಕಣ್ಣೊಳಗಿನ ಸಿಲಿಯರಿ ಸ್ನಾಯು ಬಿಗಿಯಾಗಿ, ಮಸೂರ ಉಬ್ಬುತ್ತೆ. ಪಿಯುಸಿ ಫಿಸಿಕ್ಸ್ ನೆನಪಿದ್ದರೆ, ಬೇಕಾದ ಹೆಚ್ಚುವರಿ ಪವರ್ ಅಂದರೆ ಮೀಟರ್‌ನಲ್ಲಿ ಅಳೆದ ದೂರದ ವಿಲೋಮ. 40 ಸೆಂ.ಮೀ. ದೂರದ ಸ್ಕ್ರೀನ್‌ಗೆ 1 ÷ 0.4 = 2.5 ಡಯಾಪ್ಟರ್. 6 ಮೀಟರ್ ದೂರದ ಮರಕ್ಕೆ 1 ÷ 6, ಅಂದರೆ 0.17 ಮಾತ್ರ. ಹೆಚ್ಚುಕಮ್ಮಿ ಸೊನ್ನೆ. ಅಂದರೆ ಆರು ಮೀಟರ್ ಆಚೆ ನೋಡಿದರೆ ಆ ಸ್ನಾಯುವಿಗೆ ರಜೆ ಸಿಕ್ಕಿದ ಹಾಗೆ.

20-20-20 ಅಂತ ಎಲ್ಲರೂ ಕೇಳಿರೋ ನಿಯಮದ ಹಿಂದೆ ಇರೋದು ಇದೇ ಲೆಕ್ಕ. 20 ನಿಮಿಷಕ್ಕೊಮ್ಮೆ, 20 ಸೆಕೆಂಡ್ ಕಾಲ, 20 ಅಡಿ ದೂರದ ವಸ್ತು ನೋಡಬೇಕು. 20 ಅಡಿ ಅಂದರೆ ಸುಮಾರು 6 ಮೀಟರ್. ಹಾಸ್ಟೆಲ್ ರೂಮಿನಲ್ಲಿ ಅಷ್ಟು ದೂರ ಇರಲ್ಲ. ಕಿಟಕಿಯಾಚೆ ನೋಡಬೇಕು, ಇಲ್ಲಾ ಕಾರಿಡಾರ್‌ಗೆ ಬರಬೇಕು.

ಎರಡನೇ ತೊಂದರೆ ರೆಪ್ಪೆ. ಸುಮ್ಮನೆ ಕೂತು ಮಾತಾಡುವಾಗ ನಾವು ನಿಮಿಷಕ್ಕೆ 15-20 ಸಲ ರೆಪ್ಪೆ ಬಡೀತೀವಿ. ಸ್ಕ್ರೀನ್ ದಿಟ್ಟಿಸುವಾಗ ಅದು ಅರ್ಧಕ್ಕೆ, ಕೆಲವೊಮ್ಮೆ ಇನ್ನೂ ಕೆಳಕ್ಕೆ ಇಳಿಯುತ್ತೆ. ಪ್ರತಿ ಸಲ ರೆಪ್ಪೆ ಬಡಿದಾಗಲೂ ಕಣ್ಣೀರಿನ ತೆಳು ಪದರ ಹೊಸದಾಗಿ ಹರಡುತ್ತೆ. ಬಡೀದೇ ಇದ್ದರೆ ಅದು ಆರುತ್ತೆ. ಲ್ಯಾಬ್‌ನ ಎಸಿ, ರೂಮಿನ ಫ್ಯಾನ್ ಎರಡೂ ಅದನ್ನ ಇನ್ನೂ ಬೇಗ ಆರಿಸುತ್ತವೆ. ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗೋದು, ಉರಿ, ಸಂಜೆ ಹೊತ್ತಿಗೆ ಬೋರ್ಡ್ ಮೇಲಿನ ಅಕ್ಷರ ಮಸುಕಾಗೋದು, ಇದಕ್ಕೆಲ್ಲಾ ಇದೂ ಒಂದು ಕಾರಣ. ಫ್ಯಾನ್ ಗಾಳಿ ನೇರ ಮುಖಕ್ಕೆ ಬೀಳದ ಹಾಗೆ ಕೂರೋದು, ಸ್ಕ್ರೀನ್‌ನ ಮೇಲಿನ ಅಂಚು ಕಣ್ಣಿನ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ ಇರೋ ಹಾಗೆ ಇಡೋದು ಸಹಾಯ ಮಾಡುತ್ತೆ. ಸ್ವಲ್ಪ ಕೆಳಗೆ ನೋಡುವಾಗ ರೆಪ್ಪೆ ಅರ್ಧ ಇಳಿದಿರುತ್ತೆ, ಕಣ್ಣು ಅಷ್ಟಾಗಿ ಒಣಗಲ್ಲ.

ಚಾಚಾ ಹರಳನ್ನ ಎತ್ತಿ ಬೆಳಕಿಗೆ ಹಿಡಿದು ನೋಡ್ತಾರಲ್ಲ, ಆಗ ಕಣ್ಣು ಚಕ್ರ ಬಿಟ್ಟು ಮೇಲೇಳುತ್ತೆ, ಕುತ್ತಿಗೆಯೂ ನೇರ ಆಗುತ್ತೆ. ಕೆಲಸದ ಒಳಗೇ ಒಂದು ಸಣ್ಣ ಬಿಡುವು. ನಮ್ಮ ಕೆಲಸದಲ್ಲಿ ಅದೂ ಇಲ್ಲ.

ಮಣಿಕಟ್ಟು: ಇಕ್ಕಟ್ಟಿನ ಸುರಂಗ

ಮಣಿಕಟ್ಟಿನ ಒಳಭಾಗದಲ್ಲಿ ಮೂಳೆ ಮತ್ತು ಒಂದು ಗಟ್ಟಿ ಪಟ್ಟಿಯ ನಡುವೆ ಕಿರಿದಾದ ಸುರಂಗ ಇದೆ. ಬೆರಳುಗಳನ್ನ ಮಡಿಸುವ ಒಂಬತ್ತು ಸ್ನಾಯುರಜ್ಜುಗಳು ಮತ್ತು ಮೀಡಿಯನ್ ಅನ್ನೋ ಒಂದು ನರ, ಎಲ್ಲಾ ಈ ಒಂದೇ ದಾರಿಯಲ್ಲಿ ಹೋಗಬೇಕು. ಲ್ಯಾಬ್‌ನ ಕೇಬಲ್ ಟ್ರೇ ನೆನಪಿಸಿಕೊಳ್ಳಿ. ಟ್ರೇ ದೊಡ್ಡದಾಗಲ್ಲ, ಒಳಗಿನ ಕೇಬಲ್ ಊದಿಕೊಂಡರೆ ಸಿಗ್ನಲ್ ಹೋಗೋ ತಂತಿಗೆ ಒತ್ತಡ. ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಜುಮುಜುಮು ಬಂದರೆ ಈ ನರದ ಮೇಲೆ ಒತ್ತಡ ಇರಬಹುದು. ಅಥವಾ ಕುತ್ತಿಗೆಯಲ್ಲೇ ನರಕ್ಕೆ ತೊಂದರೆ ಆಗಿ, ಅದು ಬೆರಳಲ್ಲಿ ಕಾಣಿಸಿಕೊಳ್ಳಬಹುದು. ಯಾವುದು ಅಂತ ಹೇಳಬೇಕಾದವರು ಡಾಕ್ಟರ್. ಯೂಟ್ಯೂಬ್ ನೋಡಿ ನಾವೇ ತೀರ್ಮಾನಿಸೋದು ಬೇಡ.

ನಾವು ಮಾಡಬಹುದಾದದ್ದು ಇಷ್ಟು: ಟೈಪ್ ಮಾಡುವಾಗ ಮಣಿಕಟ್ಟು ಮೇಲಕ್ಕೂ ಮಡಚಬಾರದು, ಪಕ್ಕಕ್ಕೂ ತಿರುಗಬಾರದು, ಮುಂಗೈ ಜೊತೆ ನೇರ ಇರಬೇಕು. ಮೇಜಿನ ಚೂಪು ಅಂಚಿಗೆ ಮಣಿಕಟ್ಟು ಒತ್ತಬಾರದು. ಮೌಸ್ ಕೀಬೋರ್ಡ್ ಪಕ್ಕದಲ್ಲೇ ಇರಬೇಕು, ಕೈ ಚಾಚಿ ಹಿಡಿಯೋ ಹಾಗಿರಬಾರದು. ಆಟೋಕ್ಯಾಡ್‌ನಲ್ಲಿ ಗಂಟೆಗಟ್ಟಲೆ ಮೌಸ್ ಹಿಡಿಯೋ ಮೆಕ್ಯಾನಿಕಲ್, ಸಿವಿಲ್ ಗೆಳೆಯರು ಕೀಬೋರ್ಡ್ ಶಾರ್ಟ್‌ಕಟ್ ಕಲಿತರೆ ಬೆರಳಿಗೂ ಒಳ್ಳೇದು, ಡ್ರಾಯಿಂಗೂ ಬೇಗ ಮುಗಿಯುತ್ತೆ.

ಕೂತಿರೋದು: ಲಂಡನ್ ಬಸ್ಸಿನ ಪಾಠ

ನೋವೇ ಇಲ್ಲದವರು "ನಮಗೇನೂ ಆಗಿಲ್ಲ" ಅಂತ ಈ ಲೇಖನ ಇಲ್ಲಿಗೇ ಮುಚ್ಚಬಹುದು. ಅವರಿಗಾಗಿ ಈ ಭಾಗ.

1953ರಲ್ಲಿ ಜೆರ್ರಿ ಮಾರಿಸ್ ಅನ್ನೋ ವೈದ್ಯ ಮತ್ತು ಅವರ ಜೊತೆಗಾರರು ಲಂಡನ್‌ನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಡ್ರೈವರ್ ದಿನವೆಲ್ಲಾ ಕೂತಿರ್ತಾನೆ. ಕಂಡಕ್ಟರ್ ದಿನವೆಲ್ಲಾ ಮಹಡಿ ಹತ್ತಿ ಇಳಿದು ಟಿಕೆಟ್ ಕೊಡ್ತಾನೆ. ಅದೇ ಬಸ್ಸು, ಅದೇ ರಸ್ತೆ, ಹೆಚ್ಚುಕಮ್ಮಿ ಅದೇ ಮನೆತನದ ಹಿನ್ನೆಲೆ. ಆದರೆ ಹೃದಯದ ಕಾಯಿಲೆ ಕಂಡಕ್ಟರ್‌ಗಳಿಗಿಂತ ಡ್ರೈವರ್‌ಗಳಲ್ಲಿ ಹೆಚ್ಚಿತ್ತು. ದೇಹದ ಚಟುವಟಿಕೆಗೂ ಹೃದಯಕ್ಕೂ ಇರೋ ಸಂಬಂಧದ ಬಗ್ಗೆ ಆಮೇಲೆ ನಡೆದ ಸಂಶೋಧನೆಗೆ ಇದು ದೊಡ್ಡ ಆರಂಭ ಆಯ್ತು.

ಬೆನ್ನಿಗೂ ಇದೇ ಮಾತು. ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳ ಒಳಗೆ, ದೊಡ್ಡವರಲ್ಲಿ, ರಕ್ತನಾಳಗಳು ಹೆಚ್ಚುಕಮ್ಮಿ ಇರೋದೇ ಇಲ್ಲ. ಅವಕ್ಕೆ ಆಹಾರ ಸುತ್ತಲಿಂದ ನಿಧಾನವಾಗಿ ಇಳಿದು ಬರಬೇಕು. ಒತ್ತಡ ಬಿದ್ದು, ಬಿಟ್ಟು, ಮತ್ತೆ ಬೀಳ್ತಾ ಇದ್ದರೆ ಸ್ಪಂಜಿನ ಹಾಗೆ ನೀರು ಹೊರಗೆ ಹೋಗಿ ಒಳಗೆ ಬರುತ್ತೆ. ನಾವು ಅಲುಗಾಡದೇ ಕೂತರೆ ಸ್ಪಂಜು ಹಿಂಡಿದಂತೆಯೇ ಇರುತ್ತೆ. ಹಾಗಾಗಿ ಎಷ್ಟೇ ದುಬಾರಿ ಕುರ್ಚಿ ತಂದರೂ ನಾಲ್ಕು ಗಂಟೆ ಅದರಲ್ಲೇ ಕೂತರೆ ಉಪಯೋಗ ಕಮ್ಮಿ. ಭಂಗಿ ಬದಲಿಸ್ತಾ ಇರೋದು ಮುಖ್ಯ.

ಎಷ್ಟು ಚಟುವಟಿಕೆ ಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಪ್ರಕಾರ 18 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಮಧ್ಯಮ ವ್ಯಾಯಾಮ, ಅಥವಾ 75ರಿಂದ 150 ನಿಮಿಷ ಓಟದಂಥ ಜೋರು ವ್ಯಾಯಾಮ. ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಶಕ್ತಿ ಕೊಡೋ ವ್ಯಾಯಾಮ. ವಾರದಲ್ಲಿ ಇರೋದು 10,080 ನಿಮಿಷ. ಅದರಲ್ಲಿ 150 ಅಂದರೆ ಶೇಕಡಾ ಒಂದೂವರೆ. "ಟೈಮ್ ಇಲ್ಲ ಮಚ್ಚಾ" ಅನ್ನೋದು ಈ ಲೆಕ್ಕದ ಮುಂದೆ ನಿಲ್ಲಲ್ಲ.

ನಮ್ಮ ಗೌರಿಬಿದನೂರು ತಾಲ್ಲೂಕಿನವರೇ ಆದ ಎಚ್. ನರಸಿಂಹಯ್ಯನವರು ಹೈಸ್ಕೂಲ್ ಓದೋಕೆ ಬೆಂಗಳೂರಿಗೆ ನಡೆದುಕೊಂಡೇ ಹೋದವರು, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ನಮ್ಮ ಯೂನಿವರ್ಸಿಟಿಗೆ ಯಾರ ಹೆಸರಿದೆಯೋ ಆ ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಇದೇ ಜಿಲ್ಲೆಯಲ್ಲಿದೆ. ಶಿಸ್ತಿನ ದಿನಚರಿಗೆ ಹೆಸರಾಗಿದ್ದ ಅವರು ನೂರು ವರ್ಷ ತುಂಬಿದ ಮೇಲೆ, 1962ರಲ್ಲಿ ತೀರಿಕೊಂಡರು. ನಾವು ಹಾಸ್ಟೆಲ್‌ನಿಂದ ಮೆಸ್‌ಗೆ ಬೈಕ್‌ನಲ್ಲಿ ಹೋಗೋ ಪೀಳಿಗೆ.

ನಿದ್ದೆ

ಕಣ್ಣಿನೊಳಗೆ ಚಿತ್ರ ನೋಡೋ ಕೋಶಗಳ ಜೊತೆ, ಈಗ ಹಗಲೋ ರಾತ್ರಿಯೋ ಅಂತ ಮೆದುಳಿಗೆ ಹೇಳೋ ಬೇರೆ ಕೋಶಗಳೂ ಇವೆ. ಅವು ಸುಮಾರು 480 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. ರಾತ್ರಿ ಈ ಬೆಳಕು ಬಿದ್ದರೆ ನಿದ್ದೆಗೆ ಸಿದ್ಧಮಾಡೋ ಮೆಲಟೋನಿನ್ ತಡವಾಗುತ್ತೆ. ನೈಟ್ ಮೋಡ್ ಹಾಕಿದರೆ ಬೆಳಕು ಹಳದಿ ಆಗಬಹುದು, ಆದರೆ ಬಿಡದೇ ಬರೋ ರೀಲ್ಸ್, ಗ್ರೂಪ್ ಮೆಸೇಜ್, ರ್‍ಯಾಂಕ್ ಮ್ಯಾಚ್ ಇವು ಮನಸ್ಸನ್ನ ಎಬ್ಬಿಸಿಯೇ ಇಟ್ಟಿರುತ್ತವೆ. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಹಗಲಿನ ಸ್ನಾಯು ದಣಿವು ರಿಪೇರಿ ಆಗೋದು, ಓದಿದ್ದು ನೆನಪಿನಲ್ಲಿ ಕೂರೋದು ನಿದ್ದೆಯಲ್ಲೇ. ಇಂಟರ್ನಲ್ಸ್ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದಿ, ಹಾಲ್‌ನಲ್ಲಿ ಎಲ್ಲಾ ಖಾಲಿ ಆದ ಅನುಭವ ನಮ್ಮಲ್ಲಿ ಎಲ್ಲರಿಗೂ ಇದೆ.

ನಾವು ಮಾಡಿ ನೋಡಿದ್ದು

ವಿಟಿಯು 2022ರ ಸ್ಕೀಮ್‌ನಲ್ಲಿ ಮೊದಲ ವರ್ಷ ಸೈಂಟಿಫಿಕ್ ಫೌಂಡೇಶನ್ಸ್ ಆಫ್ ಹೆಲ್ತ್ ಅಂತ ಒಂದು ಕ್ರೆಡಿಟ್‌ನ ಸಬ್ಜೆಕ್ಟ್ ಇದೆ. ಮೂರನೇ ಸೆಮ್‌ನಿಂದ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಇವುಗಳಲ್ಲಿ ಒಂದನ್ನ ತಗೋಬೇಕು. ಕ್ರೆಡಿಟ್ ಇಲ್ಲ, ಆದರೆ ಕಡ್ಡಾಯ. ಮೊದಲನೆಯದಕ್ಕೆ ನಾವು ಹಿಂದಿನ ದಿನ ಎಂಸಿಕ್ಯು ಓದಿ ಪಾಸಾದ್ವಿ. ಎರಡನೆಯದನ್ನ ಅಟೆಂಡೆನ್ಸ್‌ಗೆ ಸಹಿ ಹಾಕೋ ಕ್ಲಾಸ್ ಅಂತ ತಿಳ್ಕೊಂಡಿದ್ವಿ. ರಜೆಯಿಂದ ವಾಪಸ್ ಬಂದ ಮೇಲೆ ನಮ್ಮ ರೂಮಿನಲ್ಲಿ ಮಾಡಿದ ಬದಲಾವಣೆಗಳು ಇವು:

1. ಲ್ಯಾಪ್‌ಟಾಪ್ ಕೆಳಗೆ ಹಳೇ ಸೆಮ್ ಪುಸ್ತಕಗಳು. ಮ್ಯಾಥ್ಸ್, ಫಿಸಿಕ್ಸ್, ಕೆಮಿಸ್ಟ್ರಿ ಮೂರು ಒಂದರ ಮೇಲೊಂದು ಇಟ್ಟರೆ ಸ್ಕ್ರೀನ್ ಸರಿಯಾದ ಎತ್ತರಕ್ಕೆ ಬರುತ್ತೆ. ಸಾಧಾರಣ ಕೀಬೋರ್ಡ್, ಮೌಸನ್ನ ಇಬ್ಬರಿಗೆ ಒಂದು ಸೆಟ್‌ನಂತೆ ದುಡ್ಡು ಹಾಕಿ ತಗೊಂಡ್ವಿ.

2. ಮಂಚದ ಮೇಲೆ ಕೋಡಿಂಗ್ ಇಲ್ಲ. ಮಂಚ ಮಲಗೋಕೆ. ಕುರ್ಚಿಯಲ್ಲಿ ಕೂತರೆ ಪಾದ ನೆಲಕ್ಕೆ ಪೂರ್ತಿ ಮುಟ್ಟಬೇಕು, ಸೊಂಟದ ಹಿಂದೆ ಮಡಚಿದ ಟವೆಲ್.

3. ಅರ್ಧ ಗಂಟೆಗೊಮ್ಮೆ ಅಲಾರಂ. ಹೊಡೆದಾಗ ಎದ್ದು ಕಾರಿಡಾರ್ ತುದಿವರೆಗೆ ಹೋಗಿ ಬರೋದು. ಅಲ್ಲಿಂದ ದೂರದ ಬೆಟ್ಟ ಕಾಣುತ್ತೆ. ಕಣ್ಣು, ಕಾಲು, ಬೆನ್ನು ಮೂರಕ್ಕೂ ಒಟ್ಟಿಗೆ ಆಯ್ತು.

4. ಒಂದೂವರೆ ಲೀಟರ್ ಬಾಟಲಿ ಬದಲು ಸಣ್ಣ ಬಾಟಲಿ. ಅದು ಬೇಗ ಖಾಲಿ ಆಗುತ್ತೆ, ತುಂಬಿಸೋಕೆ ಕೆಳಗಿನ ಮಹಡಿಗೆ ಇಳೀಲೇಬೇಕು.

5. ಸಂಜೆ ಐದೂವರೆಯಿಂದ ಆರೂಕಾಲು ಯಾರೂ ಲ್ಯಾಪ್‌ಟಾಪ್ ತೆಗೆಯೋ ಹಾಗಿಲ್ಲ. ವಾಲಿಬಾಲ್, ಇಲ್ಲಾ ನಡಿಗೆ. ವಾರಕ್ಕೆ ನಾಲ್ಕು ದಿನ ಆದರೂ 180 ನಿಮಿಷ.

6. ರಾತ್ರಿ ಹನ್ನೊಂದೂವರೆಗೆ ಎಲ್ಲರ ಫೋನ್ ಬಾಗಿಲ ಹತ್ತಿರದ ಪ್ಲಗ್‌ನಲ್ಲಿ, ಕೈಗೆ ಸಿಗದ ದೂರದಲ್ಲಿ.

ಎಲ್ಲಾ ಗೆದ್ದೆವು ಅಂತ ಹೇಳಲ್ಲ. ಆರನೆಯದು ಎರಡು ವಾರ ನಡೆದು, ಐಪಿಎಲ್ ಶುರುವಾದಾಗ ಬಿದ್ದುಹೋಯ್ತು. ಮತ್ತೆ ಶುರು ಮಾಡಿದ್ದೀವಿ. ಅಲಾರಂ ಹೊಡೆದಾಗ "ಇದೊಂದು ಎರರ್ ಸರಿ ಮಾಡಿ ಏಳ್ತೀನಿ" ಅಂತ ಮುಕ್ಕಾಲು ಗಂಟೆ ಕೂತಿದ್ದೂ ಇದೆ. ಹೆಚ್ಚು ಕೆಲಸ ಮಾಡಿದ್ದು ನಾಲ್ಕನೆಯದು ಮತ್ತು ಐದನೆಯದು. ಯಾಕಂದ್ರೆ ಅವೆರಡಕ್ಕೂ ಮನಸ್ಸಿನ ಬಲ ಬೇಕಿಲ್ಲ. ಒಂದಕ್ಕೆ ಬಾಯಾರಿಕೆ ಸಾಕು, ಇನ್ನೊಂದಕ್ಕೆ ಬಾಗಿಲು ಬಡಿಯೋ ಗೆಳೆಯರು ಸಾಕು.

ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು

ಬಿಡುವು ಕೊಟ್ಟರೂ ಹೋಗದೇ ವಾರಗಟ್ಟಲೆ ಉಳಿಯೋ ನೋವು, ರಾತ್ರಿ ನಿದ್ದೆಯಿಂದ ಎಬ್ಬಿಸೋ ನೋವು, ಕೈ ಕಾಲಲ್ಲಿ ಜೋಮು ಅಥವಾ ಶಕ್ತಿ ಕಮ್ಮಿ ಆಗೋದು, ಹಿಡಿದ ವಸ್ತು ಕೈಜಾರೋದು, ದೃಷ್ಟಿ ಇದ್ದಕ್ಕಿದ್ದ ಹಾಗೆ ಬದಲಾಗೋದು. ಇವುಗಳಲ್ಲಿ ಯಾವುದಾದರೂ ಇದ್ದರೆ ಸ್ಪ್ರೇ ಹೊಡ್ಕೊಂಡು ಸುಮ್ಮನಿರಬೇಡಿ. ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆ ಮಾಡಿಸಿ. ಫೋನ್, ಗೇಮ್ ಬಿಡಬೇಕು ಅಂದರೂ ಬಿಡೋಕೆ ಆಗ್ತಿಲ್ಲ, ಓದು, ಊಟ, ನಿದ್ದೆ ಎಲ್ಲಾ ಕೆಡ್ತಾ ಇದೆ ಅನ್ನೋರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಅನ್ನೋ ಕ್ಲಿನಿಕ್ ಇದೆ. ತಂತ್ರಜ್ಞಾನವನ್ನ ಆರೋಗ್ಯಕರವಾಗಿ ಬಳಸೋಕೆ ಸಹಾಯ ಮಾಡೋದೇ ಅದರ ಕೆಲಸ. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ.

ಮತ್ತೆ, ಮನೆಗೆ ಹೇಳಿ. ನಮ್ಮ ಗೆಳೆಯ ಹೇಳದೇ ಇದ್ದ ಎರಡು ತಿಂಗಳಲ್ಲೇ ಸಣ್ಣದು ದೊಡ್ಡದಾಗಿದ್ದು.

ಅಲೀಪುರದ ಆ ಮಧ್ಯಾಹ್ನ

ನಾವು ಶೆಡ್‌ನಲ್ಲಿ ಕೂತಿದ್ದಾಗ ಇದ್ದಕ್ಕಿದ್ದ ಹಾಗೆ ಕರೆಂಟ್ ಹೋಯ್ತು. ಚಕ್ರ ನಿಧಾನವಾಗಿ ನಿಂತಿತು. ಚಾಚಾ ಬೇಜಾರೇನೂ ಮಾಡ್ಕೊಳ್ಳಲಿಲ್ಲ. ಎದ್ದು ಮೈ ಮುರಿದು, ಹೊರಗೆ ಬಂದು, ಪಕ್ಕದ ಶೆಡ್‌ನವರ ಜೊತೆ ಮಾತಾಡ್ತಾ ನಿಂತರು. ಸ್ವಲ್ಪ ಹೊತ್ತಿಗೆ ಮಸೀದಿಯಿಂದ ಅಜಾನ್ ಕೇಳಿಸಿತು, ಕೈಕಾಲು ತೊಳೆಯೋಕೆ ಹೋದರು. ನಮಾಜಿನಲ್ಲಿ ನಿಲ್ಲೋದು, ಬಾಗೋದು, ಕೂರೋದು, ಏಳೋದು. ವಾಪಸ್ ಬಂದಾಗ ಕರೆಂಟ್ ಬಂದಿತ್ತು.

ನಮ್ಮ ಗೆಳೆಯ ಅಷ್ಟು ಹೊತ್ತೂ ಮನೆಯೊಳಗೆ ಲ್ಯಾಪ್‌ಟಾಪ್‌ನಲ್ಲಿ ಇಂಟರ್ನ್‌ಶಿಪ್ ಅರ್ಜಿ ತುಂಬ್ತಾ ಕೂತಿದ್ದ. ಕರೆಂಟ್ ಹೋಗಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಬ್ಯಾಟರಿ ಶೇಕಡಾ 80 ಇತ್ತು.

ಚಾಚಾ ಕೆಲಸ ನಮ್ಮದಕ್ಕಿಂತ ಎಷ್ಟೋ ಕಷ್ಟದ್ದು. ಆದರೆ ಅದರಲ್ಲಿ ಕರೆಂಟ್, ಅಜಾನ್, ಚಹಾ, ಮುಗಿದ ಹರಳನ್ನ ಎಣಿಸಿ ಕಟ್ಟೋದು, ಇಷ್ಟು ಕಡೆ ನಿಲ್ಲಲೇಬೇಕಿತ್ತು. ನಮ್ಮ ಕೆಲಸ ಎಲ್ಲೂ ನಿಲ್ಲದ ಹಾಗೆ ಕಂಪನಿಗಳು ಕಷ್ಟಪಟ್ಟು ಡಿಸೈನ್ ಮಾಡಿವೆ. ಮುಂದಿನ ವಿಡಿಯೋ ತಾನಾಗೇ ಶುರುವಾಗುತ್ತೆ, ಪೇಜ್‌ಗೆ ಕೊನೆ ಇಲ್ಲ, ಬ್ಯಾಟರಿ ದಿನವೆಲ್ಲಾ ಬರುತ್ತೆ. ಇನ್ನು ಎರಡು ವರ್ಷಕ್ಕೆ ಪ್ಲೇಸ್‌ಮೆಂಟ್ ಆಗಿ, ಮುಂದಿನ ಮೂವತ್ತು ವರ್ಷ ನಾವು ಇದೇ ಸ್ಕ್ರೀನ್ ಮುಂದೆ ಕೂರೋರು. ಹಾಗಾಗಿ ನಿಲ್ಲೋ ಜಾಗಗಳನ್ನ ನಾವೇ ಹಾಕ್ಕೋಬೇಕು, ಅದೂ ಈಗಲೇ, ಕುತ್ತಿಗೆ ಇನ್ನೂ ಮಾತು ಕೇಳುವಾಗಲೇ.

ನಮ್ಮ ಗೆಳೆಯ ಈಗ ಮೊದಲಿಗಿಂತ ಚೆನ್ನಾಗಿದ್ದಾನೆ. ದಿನಾ ಫಿಜಿಯೋ ಹೇಳಿಕೊಟ್ಟ ವ್ಯಾಯಾಮ ಮಾಡ್ತಾನೆ, ವಾರಕ್ಕೆ ಮೂರು ದಿನ ಪೆನ್ ಹಿಡಿದು ಒಂದೊಂದು ಗಂಟೆ ಬರೆದು ಅಭ್ಯಾಸ ಮಾಡ್ತಾನೆ. ಬ್ಯಾಕ್‌ಲಾಗ್ ಪರೀಕ್ಷೆ ಮುಂದಿನ ತಿಂಗಳು. ನಾವು ಊರಿಂದ ಹೊರಡುವಾಗ ಚಾಚಾ ಬಸ್ ಸ್ಟಾಪ್‌ವರೆಗೂ ಬಂದು ಹೇಳಿದ್ದು ಒಂದೇ ಮಾತು: "ಚೆನ್ನಾಗಿ ಓದ್ಕೊಳ್ಳಿ ಮಕ್ಕಳೇ. ಮಧ್ಯ ಮಧ್ಯ ಎದ್ದು ಓಡಾಡಿ."

ಇಷ್ಟು ಓದೋಕೆ ನಿಮಗೆ ಹತ್ತು ಹನ್ನೆರಡು ನಿಮಿಷ ಆಗಿರಬೇಕು. ಈಗ ಎದ್ದು, ಕಿಟಕಿ ಹತ್ತಿರ ಹೋಗಿ, ಕಣ್ಣಿಗೆ ಕಾಣೋ ಅತಿ ದೂರದ ಮರ ಯಾವುದು ಅಂತ ನೋಡಿ ಬನ್ನಿ.